ಎಲೆ-ಅಡಿಕೆ ಬರುವವರೆಗೆ

ಕಳೆದ ತಿಂಗಳು ಹಿರಿಯೂರಿನಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಪೇಪರ್ ತಟ್ಟೆ ಇರುತ್ತದೆ ಎಂದುಕೊಂಡಿದ್ದೆ. ಬಂದದ್ದು ಮುತ್ತುಗದ ಇಸ್ತ್ರಿ ಎಲೆ. ಒಣಗಿದ ಎಲೆಗಳನ್ನು ಸಣ್ಣ ಕಡ್ಡಿಯಿಂದ ಚುಚ್ಚಿ ಚುಚ್ಚಿ ಹೊಲಿದದ್ದು. ಅದರ ಮೇಲೆ ಬಿಸಿ ಅನ್ನ ಬಿತ್ತು, ಅನ್ನದ ಮೇಲೆ ಕುದಿಯುವ ಬೇಳೆಸಾರು ಬಿತ್ತು, ಆಗ ಎದ್ದ ವಾಸನೆ... ಒಣ ಎಲೆ ಹಬೆಗೆ ಬೆಂದ ವಾಸನೆ ಎಂದಷ್ಟೇ ನನ್ನ ವೃತ್ತಿಯ ಭಾಷೆಯಲ್ಲಿ ಹೇಳಬಹುದು. ತುತ್ತು ಎತ್ತುವ ಮೊದಲೇ ನಾನು ಹಿರಿಯೂರಿನಲ್ಲಿರಲಿಲ್ಲ, ಹೊಳಲ್ಕೆರೆಯ ಒಂದು ನಡುಮನೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದೆ.

ಊಟ ಮುಗಿಸಿ ಕೈ ತೊಳೆದು ಬಂದರೆ ಬಾಗಿಲಲ್ಲಿ ಆ ಮನೆಯ ಸೊಸೆ ಎಲೆ-ಅಡಿಕೆ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆ ಕಂಡದ್ದೇ ನನಗೆ ನಗು ಬಂತು. ಪಕ್ಕದವರು, ‘ಯಾಕ್ರೀ, ಏನಾತು?’ ಎಂದರು. ಏನಿಲ್ಲ ಎಂದೆ. ಹೇಳಲು ಹೊರಟರೆ ಅವರ ಬಸ್ಸು ತಪ್ಪುತ್ತಿತ್ತು.

ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ನೆನಪು ಎಷ್ಟೋ, ತಿದ್ದುಪಡಿಯೂ ಅಷ್ಟೇ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಕಳಿಸಿದ ಒಂದು ವರದಿಯ ಕೊನೆಯ ಮೂರು ಪ್ಯಾರಾ ಅಚ್ಚಾಗಲಿಲ್ಲ. ಅಚ್ಚಾಗಬೇಕಿತ್ತು.

ನಾನಾಗ ಚಿತ್ರದುರ್ಗದಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ದುರ್ಗದ ಜೊತೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳೂ ನನ್ನ ಪಾಲಿಗೆ ಬಂದಿದ್ದವು. ಮಾರಿಕಣಿವೆ ಜಲಾಶಯದ ನೀರಿನ ಮಟ್ಟ, ಶೇಂಗಾ ಧಾರಣೆ, ಕೆಟ್ಟು ನಿಂತ ಬಸ್ಸು, ಬಾರದ ಮಂತ್ರಿ... ಇವು ದಿನದ ಸುದ್ದಿ. ಒಂದು ದಿನ ಯಾರೋ, ‘ಹೊಳಲ್ಕೆರೆ ಪಟೇಲರ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ತಾರಂತೆ’ ಎಂದರು. ಹಳೆಯ ಮನೆ ಬೀಳುವುದು ಮೂರು ಸಾಲಿನ ಸುದ್ದಿ. ವಿಚಾರಿಸಿ ಬರೋಣ ಎಂದು ಬಸ್ಸು ಹತ್ತಿದೆ.

ತಲೆಬಾಗಿಲು ತಗ್ಗಾಗಿತ್ತು. ಬಗ್ಗಿ ಒಳಗೆ ಹೋದರೆ ಕತ್ತಲೆ, ತಂಪು. ಕಣ್ಣು ಹೊಂದಿಕೊಂಡ ಮೇಲೆ ಪಡಸಾಲೆಯ ನೆಲದಲ್ಲಿ ಮಂಡಿಯೂರಿ ಕೂತ ಒಬ್ಬ ಹೆಂಗಸು ಕಂಡರು. ಅರುವತ್ತರ ಹತ್ತಿರದ ವಯಸ್ಸು, ಕನ್ನಡಕಕ್ಕೆ ಕಟ್ಟಿದ ಕರಿ ದಾರ. ದರ್ಜಿಗಳ ಬಳಿ ಇರುವ ಹಳದಿ ಟೇಪಿನಿಂದ ನೆಲ ಅಳೆಯುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಅವರು ತಲೆ ಎತ್ತಲಿಲ್ಲ.

‘ಪೇಪರ್ನೋನಾ? ಬಾರಪ್ಪ, ಚಲೋ ಆತು. ಆ ತುದಿ ಹಿಡ್ಕ. ಬರೆಯಾದು ಆಮೇಲೆ ಬರಿವಂತೆ.’

ಹಿಡಿದುಕೊಂಡೆ. ಆ ಟೇಪಿನಿಂದ ಇಡೀ ಪಡಸಾಲೆ ಅಳೆದು ಮುಗಿಯುವ ಹೊತ್ತಿಗೆ ನನ್ನ ದುರ್ಗದ ಬಸ್ಸು ಎರಡು ಬಾರಿ ಹೋಗಿತ್ತು.

ಅವರನ್ನು ಊರಲ್ಲಿ ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಆ ಮನೆಯ ಹಿರಿಮಗಳು. ಮದುವೆಯಾಗಿರಲಿಲ್ಲ, ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಟೇಪು ಸದಾ ಕೊರಳಲ್ಲಿರುತ್ತಿತ್ತು. ಬೇರೆ ಹೆಂಗಸರು ಸರ ಹಾಕಿಕೊಂಡಂತೆ ಅವರದು ಟೇಪು. ಮಾತಿಗೆ ಒತ್ತು ಬೇಕಾದಾಗ ಅದರ ತುದಿ ಹಿಡಿದು ಬೀಸುತ್ತಿದ್ದರು.

ಮನೆ ಇಪ್ಪತ್ತೊಂದು ಅಂಕಣದ್ದು. ನಾಲ್ಕು ಕಂಬಗಳ ನಡುವಿನ ಜಾಗಕ್ಕೆ ನಮ್ಮ ಕಡೆ ಅಂಕಣ ಎನ್ನುತ್ತಾರೆ. ಮನೆಯ ದೊಡ್ಡಸ್ತಿಕೆಯನ್ನು ಅದರಿಂದಲೇ ಹೇಳುತ್ತಾರೆ. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅಲ್ಲಲ್ಲಿ ಬೆಳಕಿಂಡಿ. ಹೊರಗೆ ಎದೆಮಟ್ಟದ ಜಗಲಿ, ಒಳಗೆ ಪಡಸಾಲೆ, ಅದರಾಚೆ ನಡುಮನೆ, ಅಡುಗೆಮನೆ, ಪಕ್ಕದಲ್ಲಿ ದನವಿಲ್ಲದ ಕೊಟ್ಟಿಗೆ. ಎಷ್ಟು ಹಳೆಯದು ಎಂದು ಕೇಳಿದೆ. ‘ನಮ್ಮಜ್ಜನ ಅಜ್ಜಂಗೂ ಗೊತ್ತಿರಲಿಲ್ಲ’ ಎಂದರು. ಕಾಗದಪತ್ರ ಏನಾದರೂ ಇದೆಯೇ ಎಂದೆ. ಗೆದ್ದಲು ತಿಂದಿತು ಎಂದರು. ಹಾಗಾಗಿ ವಯಸ್ಸಿನ ವಿಷಯ ನಾನು ಯಾವತ್ತೂ ಬರೆಯಲಿಲ್ಲ.

ಮನೆ ಕೆಡವುವ ಮಾತು ನಿಜವಾಗಿತ್ತು. ಆದರೆ ಅದು ಅಕ್ಕೋರ ಮಾತಲ್ಲ, ಅವರ ತಮ್ಮನದು. ಮನೆ ಇಬ್ಬರಿಗೂ ಸೇರಿದ್ದು. ತಮ್ಮ ದುರ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಕೆಟ್ಟವರೇನಲ್ಲ. ಪ್ರತಿ ಮುಂಗಾರಿಗೆ ಮೊದಲು ಆಳು ಕರೆಸಿ ಮಾಳಿಗೆಗೆ ಮಣ್ಣು ಹಾಕಿಸಿ ಹಾಕಿಸಿ ದಣಿದವರು. ಇಷ್ಟು ದೊಡ್ಡ ಮನೆಯಲ್ಲಿ ಅಕ್ಕ ಒಬ್ಬಳೇ ಇರುವುದು ಅವರಿಗೆ ಸಮಾಧಾನವಿರಲಿಲ್ಲ. ಕೊಳ್ಳುವವರು ಸಿದ್ಧರಿದ್ದರು, ಕಾಗದ ಬರೆಸಿ ಇಟ್ಟಾಗಿತ್ತು. ಅಕ್ಕನ ರುಜು ಒಂದು ಬಾಕಿ.

ಅಕ್ಕೋರ ತಲೆಯಲ್ಲಿ ಬೇರೆ ಲೆಕ್ಕವಿತ್ತು. ಪಡಸಾಲೆಯಲ್ಲಿ ಹಾಡು, ನಾಟಕ, ಗೊಂಬೆಯಾಟ. ನಡುಮನೆಯಲ್ಲಿ ಭಾನುವಾರದ ಊಟ. ಕೊಟ್ಟಿಗೆಯಲ್ಲಿ ದನಗಳಿಗೆ ಮೇವು ಹಾಕುತ್ತಿದ್ದ ಗೋದಲಿಯೊಳಗೆ ಪುಸ್ತಕ, ಪತ್ರಿಕೆ. ಯಾರು ಬೇಕಾದರೂ ಬಂದು ಓದಬಹುದು. ಅಟ್ಟದ ಮೇಲೆ ಹೊಲಿಗೆ ಮಿಷನ್ನು. ‘ಗೋಡೆ ಒಡೆಯಂಗಿಲ್ಲ’ ಎನ್ನುವುದು ಅವರ ಶರತ್ತು. ‘ಹಳೇ ಕುಪ್ಪಸ ಸಡ್ಲ ಮಾಡಿದಂಗಪ್ಪ. ಬಟ್ಟೆಗೆ ಕತ್ರಿ ಹಾಕಬಾರ್ದು. ಹೊಲಿಗೆ ಬಿಚ್ಚಿ ಮತ್ತೆ ಹೊಲೀಬೇಕು.’ ನಿಜವಾಗಿಯೂ ಅವರು ಹಾಗೇ ಮಾಡಿದರು. ನಡುವೆ ಎಂದೋ ಹಾಕಿದ್ದ ಹಲಗೆಯ ಅಡ್ಡಗೋಡೆ ತೆಗೆಸಿದರು, ಮುಚ್ಚಿದ್ದ ಬೆಳಕಿಂಡಿ ತೆರೆಸಿದರು. ಒಬ್ಬರು ಕೂತು ಉಣ್ಣಲು ಎಷ್ಟು ಜಾಗ ಬೇಕೆಂದು ಶಾಲೆಯ ಜವಾನನನ್ನು ಚಕ್ಕಂಬಕ್ಕಳ ಹಾಕಿ ಕೂರಿಸಿ ಮೊಣಕಾಲಿನಿಂದ ಮೊಣಕಾಲಿಗೆ ಅಳೆದರು. ಆತ ಊರಲ್ಲೇ ದಪ್ಪಗಿದ್ದವನು. ‘ಇವ್ನು ಹಿಡಿದ್ರೆ ಎಲ್ಲಾರೂ ಹಿಡೀತಾರೆ’ ಎಂದರು.

ಅಕ್ಕ-ತಮ್ಮನ ಮಾತುಕತೆ ನಡೆದದ್ದು ನನ್ನೆದುರಿಗೇ. ನಾನು ಎದ್ದು ಹೋಗಲು ನೋಡಿದೆ. ಅಕ್ಕೋರು, ‘ಕುಂತ್ಕ, ಸಾಕ್ಷಿಗಿರ್ಲಿ’ ಎಂದರು.

‘ಪಟೇಲರ ಮನೇಲಿ ಹೋಟ್ಲು ಇಡ್ತೀಯಾ ಅಕ್ಕ? ಅಪ್ಪ ಇದ್ದಿದ್ರೆ ಏನಂತಿದ್ದ?’

‘ಇನ್ನೊಂದು ಮುದ್ದೆ ಬಡ್ಸು ಅಂತಿದ್ದ.’

‘ಈ ಮನೇಲಿ ಅನ್ನ ಮಾರಬಾರ್ದು ಅಂತ ಅವ್ವ ಆಣೆ ಹಾಕಿಸ್ಕಂಡಿದ್ಲು. ಮರ್ತ್ಯಾ?’

ಇದು ಚೇಷ್ಟೆಯ ಮಾತಾಗಿರಲಿಲ್ಲ. ಹಿಂದೆ ಯಾವುದೋ ಬರಗಾಲದಲ್ಲಿ ಆ ಮನೆಯ ಜಗಲಿಯಿಂದ ಊರಿಗೆಲ್ಲ ಅಂಬಲಿ ಹಂಚಿದ್ದರಂತೆ. ಅಂದಿನಿಂದ ಆ ಒಲೆಯ ಮೇಲೆ ಬೆಂದದ್ದಕ್ಕೆ ಬೆಲೆ ಕಟ್ಟಬಾರದೆಂಬ ನೇಮ. ಅಕ್ಕೋರ ದನಿ ತಗ್ಗಿತು.

‘ಮಾರಲ್ಲ ಕಣೋ. ಚೀಟಿ ಹರ್ದು ದುಡ್ಡು ಇಸ್ಕಳಾದು ಹಾಡಿಗೆ. ಊಟ ನಮ್ಮನೇದು.’

‘ಉಣ್ಣಾಕೆ ಯಾರಾದ್ರೂ ಬರ್ತಾರಕ್ಕ. ಹಾಡು ಮುಗಿಯೋಗಂಟ ಕುಂತ್ಕಂತಾರಾ?’

‘ಕುಂತ್ಕಂತಾರೆ.’

‘ಕುಂತ್ರೆ ನಾನು ಬಾಯಿ ಬಿಡಲ್ಲ. ಎದ್ದು ಹೋದ್ರೆ ಕಾಗದಕ್ಕೆ ಸೈನ್ ಹಾಕ್ತೀಯಾ?’

‘ಹಾಕ್ತೀನಿ, ಹೋಗು.’

ಅಷ್ಟೇ. ಮನೆಯ ಹಣೆಬರಹ ಒಂದು ಭಾನುವಾರದ ಮಧ್ಯಾಹ್ನಕ್ಕೆ ಗಂಟು ಬಿತ್ತು.

ಆ ಭಾನುವಾರ ನಾನು ಹತ್ತು ಗಂಟೆಗೇ ಹೋಗಿದ್ದೆ. ಹಾಡಲು ಮದಕರಿಪುರದ ಕಡೆಯಿಂದ ಐವರು ಹೆಂಗಸರು ಬಂದಿದ್ದರು. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವವರು. ಹಿರಿಯಾಕೆಗೆ ಎಪ್ಪತ್ತರ ಮೇಲೆ; ಬಾಯಲ್ಲಿ ಹಲ್ಲು ಕಡಿಮೆ, ದನಿ ಮಾತ್ರ ಕಂಚು. ಬಂದವರೇ ಜಗಲಿಯ ಮೇಲೆ ಕೂತುಬಿಟ್ಟರು. ಅಕ್ಕೋರು ಒಳಗೆ ಕರೆದರು. ಹಿರಿಯಾಕೆ ಹೊಸ್ತಿಲನ್ನೇ ನೋಡುತ್ತಾ, ‘ನಮ್ಮವ್ವನ ಕಾಲದಾಗೆ ನಾವು ಇಲ್ಲೇ ಕುಂತು ಹಾಡಿ, ಇಲ್ಲೇ ಉಂಡು ಹೋಗ್ತಿದ್ವಿ ಅಕ್ಕೋರೇ’ ಎಂದಳು. ಅಕ್ಕೋರು ಆಕೆಯ ಕೈಚೀಲ ಎತ್ತಿಕೊಂಡು ಒಳಗೆ ನಡೆದರು. ಚೀಲದ ಹಿಂದೆ ಆಕೆಯೂ ಹೋಗಲೇಬೇಕಾಯಿತು. ಚೀಲದಲ್ಲಿ ಎಲೆ-ಅಡಿಕೆ, ಹೊಗೆಸೊಪ್ಪು ಇದ್ದವು.

ಹಾಡುವವರನ್ನು ಮೊದಲು ಊಟಕ್ಕೆ ಎಬ್ಬಿಸಲು ನೋಡಿದರು. ‘ಹೊಟ್ಟೆ ತುಂಬಿದ್ರೆ ದನಿ ಏಳಲ್ಲ. ಹಾಡಿದ ಮ್ಯಾಲೆ ಉಣ್ತೀವಿ’ ಎಂದು ಐವರೂ ಪಡಸಾಲೆಯ ಮೂಲೆಯಲ್ಲಿ ಕೂತರು.

ಊಟ ಶುರುವಾಯಿತು. ಅಕ್ಕೋರ ಹಳೆಯ ವಿದ್ಯಾರ್ಥಿನಿಯರು ವಾರವಿಡೀ ಕೂತು ಹೊಲಿದ ಮುತ್ತುಗದ ಎಲೆ. ರಾಗಿಮುದ್ದೆ, ಹೆಸರುಕಾಳಿನ ಸಾರು, ಎಣ್ಣೆಗಾಯಿ, ಹುಚ್ಚೆಳ್ಳು ಚಟ್ನಿ, ಹೊಸದುರ್ಗದಿಂದ ತರಿಸಿದ ಸಾವೆ ಅಕ್ಕಿಯ ಅನ್ನ, ಬೇಳೆಸಾರು, ಹೋಳಿಗೆ, ಮಜ್ಜಿಗೆ. ಮೂರು ಪಂಕ್ತಿ ಎದ್ದವು. ಜನ ಸಾಲಿಗೆ ಸಾಲು ಕೂತು ಉಂಡರು. ಬೀಡಿ ಅಂಗಡಿಯವನು, ಬ್ಯಾಂಕಿನ ಮ್ಯಾನೇಜರು, ಸಂತೆಗೆ ಬರುವ ತರಕಾರಿಯವಳು ಒಂದೇ ಸಾಲಿನಲ್ಲಿದ್ದರು. ಬೆಳಕಿಂಡಿಯಿಂದ ಬಿದ್ದ ಬಿಸಿಲು ಮೊದಲ ಸಾಲಿನಿಂದ ಎರಡನೆಯ ಸಾಲಿಗೆ ಸರಿಯುತ್ತಿತ್ತು. ಅಕ್ಕೋರ ಮುಖದಲ್ಲಿ ಅಂಥ ಸಂತೋಷ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ತಮ್ಮನೂ ಎರಡು ಹೋಳಿಗೆ ಜಾಸ್ತಿಯೇ ತಿಂದರು. ನಾನು ನೋಟ್‌ಬುಕ್ಕಿನಲ್ಲಿ ‘ಮನೆ ತುಂಬ ಜನ’ ಎಂದು ಬರೆದುಕೊಂಡೆ.

ಆಮೇಲೆ ನಡೆದದ್ದು ಹೀಗೆ. ಹಿತ್ತಲಿನಲ್ಲಿ ಕೈ ತೊಳೆದು ಬರುವವರು ಪಡಸಾಲೆಗೆ ಹೋಗಿ ಹಾಡಿಗೆ ಕೂರಬೇಕು. ಆ ದಾರಿಯಲ್ಲಿ ಅಕ್ಕೋರು ಹಿತ್ತಾಳೆ ತಟ್ಟೆ ಹಿಡಿದು ನಿಂತರು. ಬಂದ ಬಂದವರಿಗೆಲ್ಲ ನಗುನಗುತ್ತಾ ಎಲೆ-ಅಡಿಕೆ ಕೊಟ್ಟರು. ಜನ ಎರಡು ಕೈಯಲ್ಲಿ ತೆಗೆದುಕೊಂಡು, ‘ಬರ್ತೀವಿ ಅಕ್ಕೋರೇ’ ಎಂದು ತಲೆಬಾಗಿಲಿನಿಂದ ಹೊರಗೆ ನಡೆದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಬಂದ ನೆಂಟರಿಗೆ ‘ಇನ್ನು ಹೊರಡಿ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲೆ-ಅಡಿಕೆ ಕೊಡುತ್ತಾರೆ. ಅದು ಕೈಗೆ ಬಂದ ಮೇಲೆ ಕೂತಿರುವುದು ಮರ್ಯಾದೆಯಲ್ಲ. ಮನೆಯವರಿಗೆ ಮಾತ್ರ ಹೀಗೆ ಕೊಡುವ ಪದ್ಧತಿ ಇಲ್ಲ; ಅವರು ಹೋಗುವವರಲ್ಲವಲ್ಲ. ಅಕ್ಕೋರು ಜೀವಮಾನವಿಡೀ ಆ ಬಾಗಿಲಲ್ಲಿ ಉಂಡವರಿಗೆ ಎಲೆ-ಅಡಿಕೆ ಕೊಟ್ಟು ಅಭ್ಯಾಸವಾದವರು. ಕೈ ತನ್ನ ಪಾಡಿಗೆ ತಾನು ಕೊಟ್ಟಿತು.

ವರದಿಯಲ್ಲಿ ಬರೆಯದ ಒಂದು ಸಂಗತಿ ಇಲ್ಲಿ ಒಪ್ಪಿಕೊಳ್ಳಬೇಕು. ಎಲೆ-ಅಡಿಕೆ ನನಗೂ ಬಂತು. ನಾನೂ ಚಪ್ಪಲಿ ಮೆಟ್ಟಿದ್ದೆ.

ಜಗಲಿಯಿಂದ ಇಳಿದವನು ಹಿಂತಿರುಗಿ ನೋಡಿದರೆ ಪಡಸಾಲೆಯಲ್ಲಿ ಖಾಲಿ ಜಮಖಾನ, ಅದರ ತುದಿಯಲ್ಲಿ ಐವರು ಹೆಂಗಸರು. ಅಕ್ಕೋರು ಹೊಸ್ತಿಲ ಮೇಲೆ ತಟ್ಟೆ ಹಿಡಿದುಕೊಂಡೇ ಕುಸಿದು ಕೂತಿದ್ದರು. ತಮ್ಮ ಬಾಗಿಲ ಪಕ್ಕದಲ್ಲಿ ನಿಂತಿದ್ದರು.

‘ಎದ್ದು ಹೋದ್ರಲ್ಲಕ್ಕ.’ ಗೆದ್ದ ದನಿಯಲ್ಲ. ಹೇಳಲಾರದೆ ಹೇಳಿದ ದನಿ.

‘ಸಾರು ಚೆನ್ನಾಗಿರಲಿಲ್ವೇನೋ?’ ಅಕ್ಕೋರು ಕೇಳಿದರು.

ಹಾಡುವ ಹಿರಿಯಾಕೆಗೆ ತಡೆಯಲಾಗಲಿಲ್ಲ. ‘ಅಲ್ರೀ ಅಕ್ಕೋರೇ, ಎಲೆ-ಅಡಿಕೆ ಕೈಗಿಟ್ಟು ನೀವೇ ಕಳ್ಸಿದ್ರಿ. ಇನ್ಯಾವ ಮಾನಗೆಟ್ಟೋನು ಕುಂತ್ಕಂತಾನೆ?’

ಅಕ್ಕೋರು ತಟ್ಟೆ ನೋಡಿದರು. ತಮ್ಮನೂ ಅಂಗೈ ಬಿಡಿಸಿ ನೋಡಿಕೊಂಡರು.

‘ನಂಗೂ ಕೊಟ್ಟಿದೀಯಲ್ಲಕ್ಕ!’

‘ಸಾಲಿನಾಗೆ ಯಾಕೋ ನಿಂತ್ಕಂಡಿದ್ದಿ, ಮುಂಡೇದೇ!’

ಮೊದಲು ನಕ್ಕವಳು ಹಿರಿಯಾಕೆ. ಆಮೇಲೆ ಉಳಿದ ನಾಲ್ವರು. ಅಕ್ಕೋರಿಗೆ ಅಳುವುದೋ ನಗುವುದೋ ತಿಳಿಯದೆ ಎರಡೂ ಒಟ್ಟಿಗೆ ಬಂತು.

ನಗು ಮುಗಿಯುವ ಮೊದಲೇ ಹಿರಿಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ‘ಏಳ್ರೇ. ನಮ್ಮವ್ವ ಇಲ್ಲಿಂದ ದನಿ ಎತ್ತಿದ್ರೆ ಬಸ್‌ಸ್ಟ್ಯಾಂಡ್ ಗಂಟ ಕೇಳ್ತಿತ್ತು’ ಎಂದು ಜಗಲಿಗೆ ಬಂದಳು. ಐವರೂ ಬೀದಿಗೆ ಮುಖ ಮಾಡಿ ನಿಂತರು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೇಳುವ ಪದ ಎತ್ತಿಕೊಂಡರು. ಒಬ್ಬಳು ಒಂದು ಸಾಲು ಹೇಳುವುದು, ನಾಲ್ವರು ಅದನ್ನು ಎತ್ತಿ ಮುಂದಕ್ಕೆ ಒಯ್ಯುವುದು. ಮೈಕಿಲ್ಲ, ತಾಳವಿಲ್ಲ. ಮಧ್ಯಾಹ್ನದ ಖಾಲಿ ಬೀದಿಯಲ್ಲಿ ಆ ದನಿ...

ಮೊದಲು ಬೇವಿನ ಮರದಡಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿದರು. ತಿರುವಿನ ಟೀ ಅಂಗಡಿಯಿಂದ ನಾಲ್ಕೈದು ಜನ ಇಣುಕಿದರು. ನಂತರ ಬಸ್‌ಸ್ಟ್ಯಾಂಡಿನ ಕಡೆಯಿಂದ, ಕೆಂಪು ಬಾಯಿಯಲ್ಲಿ, ಗುಂಪುಗುಂಪಾಗಿ ವಾಪಸು ಬರತೊಡಗಿದರು. ಉಂಡು ಹೋದವರಷ್ಟೇ ಅಲ್ಲ, ಉಣ್ಣದವರೂ ಬಂದರು. ಬಂದವರು ಜಗಲಿಯ ಕೆಳಗೆ ನಿಂತರು. ಒಳಗೆ ಬರಲು ಯಾರಿಗೂ ಧೈರ್ಯವಿಲ್ಲ. ಶಾಲೆಯ ಅದೇ ಜವಾನ ಗೋಗರೆಯುವ ದನಿಯಲ್ಲಿ, ‘ಈಗ್ತಾನೆ ಎಲೆ-ಅಡಿಕೆ ಇಸ್ಕಂಡು ಹೋದೋರು ಮತ್ತೆ ಹೆಂಗ್ ಬರಾದು ಅಕ್ಕೋರೇ? ಮತ್ತೆ ಉಣ್ಣಾಕೆ ಬಂದ್ರು ಅಂತಾರೆ’ ಎಂದ.

ಅಕ್ಕೋರು ಒಳಗೆ ಓಡಿದರು. ಬಂದಾಗ ಒಂದು ಕೈಯಲ್ಲಿ ಬೆಲ್ಲದ ಉಂಡೆಯ ಮೊರ, ಇನ್ನೊಂದರಲ್ಲಿ ನೀರಿನ ಚೊಂಬು. ಹೊಸದಾಗಿ ಮನೆಗೆ ಬಂದ ನೆಂಟರಿಗೆ ಕೊಡುವ ಬೆಲ್ಲ-ನೀರು. ‘ಹೋದೋರು ಬ್ಯಾರೆ, ಬಂದೋರು ಬ್ಯಾರೆ. ಬರ್ರಿ, ಬರ್ರಿ, ಬೆಲ್ಲ ತಗಳ್ರಿ, ಕುಂತ್ಕಳ್ರಿ.’

ಪದ ಹೇಳುತ್ತಲೇ ಹಿರಿಯಾಕೆ ಹೊಸ್ತಿಲು ದಾಟಿದಳು. ಈ ಸಲ ಯಾರೂ ಆಕೆಯ ಚೀಲ ಎತ್ತಿಕೊಳ್ಳಬೇಕಾಗಲಿಲ್ಲ. ಆಕೆಯ ಹಿಂದೆ ಜನ, ಒಬ್ಬೊಬ್ಬರಾಗಿ ತಲೆ ಬಗ್ಗಿಸಿ, ಬಾಯಲ್ಲಿ ಎಲೆ-ಅಡಿಕೆ ಮತ್ತು ಬೆಲ್ಲ ಎರಡನ್ನೂ ಇಟ್ಟುಕೊಂಡು ಒಳಗೆ ಬಂದರು. ಪಡಸಾಲೆ ತುಂಬಿ ನಡುಮನೆಗೂ ಚೆಲ್ಲಿತು. ಬಿಸಿಲು ಇಳಿಯುವವರೆಗೆ ಹಾಡು ನಡೆಯಿತು. ಬೀಸುವ ಪದ, ತೊಟ್ಟಿಲ ಪದ, ಬೀಗರನ್ನು ಬೈಯುವ ಪದ. ಬೈಗುಳದ ಪದದಲ್ಲಿ ಬೀಗರ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ ತಮ್ಮನನ್ನು ಕೂರಿಸಿ ಹಿರಿಯಾಕೆ ಕಟ್ಟಿದ ಸಾಲುಗಳನ್ನು ನಾನು ಇಲ್ಲಿ ಬರೆಯಲಾರೆ. ಜನ ಬಿದ್ದು ಬಿದ್ದು ನಕ್ಕರು.

ಆ ನಗುವಿನ ನಡುವೆ ತಮ್ಮ ಗೋಡೆಯ ಪಕ್ಕದಿಂದ ಎದ್ದರು. ಕೂತವರ ಕಾಲುಗಳ ನಡುವೆ ಜಾಗ ಮಾಡಿಕೊಂಡು ಅಕ್ಕನ ಬಳಿಗೆ ಬಂದರು. ಅಷ್ಟು ಹೊತ್ತೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ ಎಲೆ-ಅಡಿಕೆಯನ್ನು, ಬೆವರಿಗೆ ಬಾಡಿದ್ದನ್ನು, ಹಿತ್ತಾಳೆ ತಟ್ಟೆಯಲ್ಲಿ ವಾಪಸು ಇಟ್ಟರು. ಹೋಗಿ ಮತ್ತೆ ಗೋಡೆಗೆ ಒರಗಿ ಕೂತರು. ಅಕ್ಕೋರು ಆ ಬಾಡಿದ ಎಲೆಯನ್ನು ತುಂಬಾ ಹೊತ್ತು ನೋಡುತ್ತಿದ್ದರು.

ರುಜು ಬಾಕಿಯಿದ್ದ ಕಾಗದದ ಮಾತನ್ನು ಆ ಮನೆಯಲ್ಲಿ ಮತ್ತೆ ನಾನು ಕೇಳಲಿಲ್ಲ.

ಇದನ್ನೆಲ್ಲ ಅದೇ ಸಂಜೆ ಬರೆದೆ. ಆಗ ನಾವು ಸುದ್ದಿಯನ್ನು ಕವರಿಗೆ ಹಾಕಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆವು. ನಡೆದದ್ದು ನಡೆದ ಕ್ರಮದಲ್ಲಿ ಬರೆದಿದ್ದೆ: ಊಟ, ಎಲೆ-ಅಡಿಕೆ, ಜನ ಚದುರಿದ್ದು, ನಂತರದ ಮೂರು ಪ್ಯಾರಾದಲ್ಲಿ ಹಾಡು, ಬೆಲ್ಲ-ನೀರು, ತಮ್ಮ. ಜಾಗ ಸಾಲದಿದ್ದರೆ ಸುದ್ದಿಯನ್ನು ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆ ಎಂಬುದು ಹೊಸದಾಗಿ ಸೇರಿದವನಿಗೂ ಗೊತ್ತಿರುವ ಪಾಠ. ನಾನು ಹೊಸಬನೂ ಆಗಿರಲಿಲ್ಲ. ಮಂಗಳವಾರದ ಪತ್ರಿಕೆಯಲ್ಲಿ ಒಂಟಿ ಕಾಲಮ್ಮಿನಲ್ಲಿ ಬಂದದ್ದು ಮೇಲಿನ ಅರ್ಧ. ತಲೆಬರಹ: ‘ಊಟ ಮುಗಿಸಿ ಚದುರಿದ ಸಭಿಕರು.’

ಮುಖ ತೋರಿಸುವುದು ಹೇಗೆಂದು ತಿಳಿಯಲಿಲ್ಲ. ಆದರೂ ಮಧ್ಯಾಹ್ನದ ಬಸ್ಸಿಗೆ ಹೋದೆ. ಅಕ್ಕೋರು ಆ ತುಂಡನ್ನು ಕತ್ತರಿಸಿ ಹಲಗೆಗೆ ಅಂಟಿಸಿ ಪಡಸಾಲೆಯ ಕಂಬಕ್ಕೆ ತೂಗುಹಾಕಿದ್ದರು. ಅದರ ಕೆಳಗೆ ಬಿಳಿ ಹಾಳೆ ಅಂಟಿಸಿ, ಕರಿಹಲಗೆಯ ಮೇಲೆ ಬರೆದು ಪಳಗಿದ ದುಂಡು ಅಕ್ಷರದಲ್ಲಿ ಹೀಗೆ ಬರೆದಿದ್ದರು: ‘ಆಮೇಲೆ ಎಲ್ಲಾರೂ ವಾಪಸ್ ಬಂದರು.’

‘ನೀನು ಬರ್ದಿದ್ರಾಗೆ ಸುಳ್ಳಿಲ್ಲ ಬಿಡಪ್ಪ’ ಎಂದರು. ‘ಅಂಗಿಗೆ ಒಂದು ತೋಳು ಹಚ್ಚಿಲ್ಲ ಅಷ್ಟೆ. ಹಚ್ಚಿ ಕೊಡಾದು ನಿನ್ ಕೆಲ್ಸ.’

ತಿದ್ದುಪಡಿ ಕಳಿಸಿದೆ. ಬರಲಿಲ್ಲ. ಸುದ್ದಿಯಲ್ಲಿ ತಪ್ಪೇನೂ ಇಲ್ಲವಲ್ಲ ಎಂದರು ಡೆಸ್ಕಿನವರು. ಅವರು ಹೇಳಿದ್ದೂ ಸರಿಯೇ.

ಆ ಸುದ್ದಿಯಿಂದ ಕೆಟ್ಟದ್ದೇನೂ ಆಗಲಿಲ್ಲ. ಮುಂದಿನ ಭಾನುವಾರ ಇನ್ನೂ ಹೆಚ್ಚು ಜನ ಬಂದರು. ಊಟ ಹಾಕಿ ಸಭಿಕರನ್ನು ಓಡಿಸುವ ಮನೆ ಯಾವುದೆಂದು ನೋಡಲು. ಅಷ್ಟರಲ್ಲಿ ಒಂದು ಹೊಸ ವ್ಯವಸ್ಥೆಯಾಗಿತ್ತು. ಹಿತ್ತಾಳೆ ತಟ್ಟೆ ಅಕ್ಕೋರ ಕೈಯಲ್ಲಿರಲಿಲ್ಲ. ತಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ತಲೆಬಾಗಿಲಲ್ಲಿ ಸ್ಟೂಲು ಹಾಕಿ ಕೂತಿದ್ದರು. ಕೊನೆಯ ಪದ ಮುಗಿಯುವವರೆಗೆ ಒಂದು ಎಲೆಯೂ ಅಲ್ಲಿಂದ ಏಳಲಿಲ್ಲ. ನಡುವೆ ಯಾರಾದರೂ ಎದ್ದರೆ, ‘ಎಲ್ಲಿಗ್ರೀ? ಎಲೆ-ಅಡಿಕೆ ಆಗಿಲ್ಲ, ಕುಂತ್ಕಳ್ರಿ’ ಎನ್ನುತ್ತಿದ್ದರು. ಎಲೆ-ಅಡಿಕೆ ತೆಗೆದುಕೊಳ್ಳದೆ ಪಟೇಲರ ಮನೆಯಿಂದ ಹೋಗುವುದುಂಟೆ? ಜನ ಕೂರುತ್ತಿದ್ದರು. ಭಾನುವಾರಕ್ಕೊಮ್ಮೆ ದುರ್ಗದಿಂದ ಅಂಗಡಿ ಮುಚ್ಚಿ ಬಂದು ಈ ಕೆಲಸ ಮಾಡುವುದು ಅವರಿಗೆ ಎಷ್ಟು ಹಿಡಿಸಿತೆಂದರೆ, ಮಾಳಿಗೆಗೆ ಮಣ್ಣು ಹಾಕಿಸುವಾಗ ಗೊಣಗುವುದನ್ನೂ ಬಿಟ್ಟರು.

ಹತ್ತಾರು ವರ್ಷ ಆ ಮನೆ ಹಾಗೆ ನಡೆಯಿತು. ಸಿರಿಗೆರೆಯಿಂದ ಬಸ್ಸಿನಲ್ಲಿ ವಿದ್ಯಾರ್ಥಿಗಳು ಬಂದು ತೊಗಲುಗೊಂಬೆ ನೋಡಿದರು, ಗೋದಲಿಯ ಪುಸ್ತಕ ಒಯ್ದು ಕೆಲವರು ವಾಪಸು ತಂದರು. ವಾರದ ದಿನಗಳಲ್ಲಿ ಅಟ್ಟದಿಂದ ಮಿಷನ್ನಿನ ಸದ್ದು, ಕೆಳಗೆ ನಾಟಕದ ತಾಲೀಮು. ಒಮ್ಮೆ ದೃಶ್ಯದ ನಡುವೆ ರಾಜನ ನಿಲುವಂಗಿ ಹರಿದಾಗ ಅಕ್ಕೋರು ರಂಗಕ್ಕೇ ಹೋಗಿ, ಸೂಜಿ-ದಾರದಿಂದ ಹೊಲಿದು, ‘ಹೂಂ, ಈಗ ಯುದ್ಧ ಮಾಡು’ ಎಂದು ಬಂದು ಕೂತರು. ಇದನ್ನೂ ನಾನು ವರದಿ ಮಾಡಿದ್ದೆ. ಇದು ಪೂರ್ತಿ ಅಚ್ಚಾಯಿತು.

ಎರಡು ಸಾವಿರದ ಆಚೆ, ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೇಳಿ ಹೋಗಲು ಬಂದೆ. ಅಕ್ಕೋರ ಕಾಲುಗಳು ಸೋತಿದ್ದವು. ಹಾಡು ಕೇಳುವಂತೆ ನಡುಮನೆಯ ಕಂಬದ ಬಳಿ ಮಂಚ ಹಾಕಿಸಿಕೊಂಡಿದ್ದರು. ಟೇಪು ಕೊರಳಲ್ಲೇ ಇತ್ತು. ನನ್ನನ್ನು ಎದುರಿಗೆ ಕೂರಿಸಿ, ‘ಸಣ್ಣಗಾಗಿದೀಯ’ ಎಂದು ಟೇಪು ಹಿಡಿದು ಭುಜ ಅಳೆದೇಬಿಟ್ಟರು. ಊಟವಾಯಿತು. ಹೊರಟು ನಿಂತೆ. ತಟ್ಟೆ ಅವರ ಕೈಗೆಟುಕುವಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

‘ನಿಂಗೆ ಇವತ್ತು ಎಲೆ-ಅಡಿಕೆ ಇಲ್ಲಪ್ಪ. ಆ ತೋಳು ಇನ್ನೂ ಹಚ್ಚಿಲ್ಲ ನೀನು. ಹಚ್ಚಿದ ದಿನ ಬಾ, ಕೊಡ್ತೀನಿ.’

ನಕ್ಕು ಬರಿಗೈಯಲ್ಲಿ ಬಂದೆ. ಬರೆಯಬಹುದಿತ್ತು. ಆ ಜಿಲ್ಲೆಯಲ್ಲಿ ಬೇರೆ ನೀರಿನ ಮಟ್ಟ, ಬೇರೆ ಧಾರಣೆ... ಮುಂದೆ ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿ, ‘ಅಕ್ಕ ಹೋದ್ಲಪ್ಪ’ ಎಂದರು. ನಾನು ಬಸ್ಸಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹಿರಿಯೂರಿನ ಗೃಹಪ್ರವೇಶದ ನಂತರದ ಭಾನುವಾರ ಹೊಳಲ್ಕೆರೆಗೆ ಹೋದೆ. ಮನೆ ಇದೆ. ಮಾಳಿಗೆಗೆ ಹೊಸ ಮಣ್ಣು ಬಿದ್ದಿದೆ. ಬಡಿಸುವವರಲ್ಲಿ ಹೆಚ್ಚಿನವರು ಅಕ್ಕೋರ ಬಳಿ ಹೊಲಿಗೆ ಕಲಿತವರು. ಅವರಿಗೂ ಈಗ ಕನ್ನಡಕ ಬಂದಿದೆ. ಹಲಗೆ ಅದೇ ಕಂಬದಲ್ಲಿದೆ. ನನ್ನ ಅರ್ಧ ಸುದ್ದಿ ಹಳದಿಯಾಗಿ ಮಾಸಿದೆ, ಕೆಳಗಿನ ಕೈಬರಹ ಇನ್ನೂ ಕಪ್ಪಗಿದೆ. ಅದೇ ಮೊಳೆಗೆ ಟೇಪು ನೇತುಹಾಕಿದ್ದಾರೆ. ಮುತ್ತುಗದ ಎಲೆಯಲ್ಲಿ ಉಂಡೆ. ಹಾಡು ಕೇಳಿದೆ. ಮದಕರಿಪುರದ ಹಿರಿಯಾಕೆಯ ಮೊಮ್ಮಗಳು ಹಾಡಿದಳು.

ತಲೆಬಾಗಿಲಲ್ಲಿ ತಮ್ಮ ಕೂತಿದ್ದರು, ತೊಡೆಯ ಮೇಲೆ ತಟ್ಟೆ. ಕಿವಿ ಮಂದವಾಗಿದೆ, ಹಾಡು ಮುಗಿದದ್ದನ್ನು ಯಾರಾದರೂ ಸನ್ನೆ ಮಾಡಿ ತಿಳಿಸಬೇಕು. ಜನ ಸಾಲಾಗಿ ಬಂದು ಎಲೆ-ಅಡಿಕೆ ತೆಗೆದುಕೊಂಡು ಹೋದರು. ಕೊನೆಯವನು ನಾನು. ತಟ್ಟೆ ಮುಂದೆ ಬಂತು. ನಾನು ಕೈ ಚಾಚಲಿಲ್ಲ.

‘ತಗಳಪ್ಪ, ಯಾಕೆ?’

ಅಕ್ಕೋರು ಹೇಳಿದ್ದನ್ನು ಅವರ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಕಂಬದ ಕಡೆ ನೋಡಿದರು.

‘ಬರ್ದ್ಯಾ?’

‘ಬರೀತೀನಿ. ಈ ವಾರ.’

‘ಬರಿ. ಆದ್ರೆ ಕೊಡಾಕೆ ಅವಳಿಲ್ಲ. ನಾನ್ ಕೊಟ್ರೆ ಅದು ಲೆಕ್ಕಕ್ಕೆ ಬರಲ್ಲ.’

ತಟ್ಟೆಯಲ್ಲಿ ಉಳಿದಿದ್ದ ಒಂದು ಎಲೆ, ಒಂದು ಅಡಿಕೆಯನ್ನು ಪಕ್ಕದ ಗೂಡಿನಲ್ಲಿ ಎತ್ತಿಟ್ಟರು. ತಾವು ಕೂತಿದ್ದ ಸ್ಟೂಲಿನ ಪಕ್ಕ, ಜಗಲಿಯ ಕಲ್ಲನ್ನು ಅಂಗೈಯಿಂದ ಒರೆಸಿದರು.

‘ಕುಂತ್ಕ’ ಎಂದರು. ಕೂತೆ.